ಬೇತ್ ಸಾಹೂರ್‌ನ 18 ಹಸುಗಳು

"ಪ್ಯಾಲೆಸ್ತೀನಿನವರಿಗೂ ಒಬ್ಬ ಗಾಂಧಿ ಇದ್ದಿದ್ದರೆ ಇಷ್ಟೆಲ್ಲ ಆಗ್ತಿತ್ತಾ?" ಮೊನ್ನೆ ಊಟಕ್ಕೆ ಕೂತಾಗ ನನ್ನ ತಮ್ಮ ಕೇಳಿದ. ಒಳ್ಳೆ ಮನಸ್ಸಿಂದಲೇ ಕೇಳಿದ್ದು. ನನಗೆ ತಟ್ಟನೆ ನೆನಪಾದದ್ದು 18 ಹಸುಗಳು.

ಬೆತ್ಲೆಹೇಮಿನ ಪಕ್ಕದಲ್ಲೇ ಬೇತ್ ಸಾಹೂರ್ ಅಂತ ಒಂದು ಊರಿದೆ. ಅಲ್ಲಿನವರಲ್ಲಿ ಕ್ರೈಸ್ತರೇ ಜಾಸ್ತಿ. 1987ರ ಡಿಸೆಂಬರಿನಲ್ಲಿ ಗಾಜಾದ ಜಬಾಲಿಯಾ ಶಿಬಿರದಲ್ಲಿ ಹೊತ್ತಿಕೊಂಡ ಇಂತಿಫಾದಾ, ಅಂದರೆ ಇಸ್ರೇಲಿನ ಆಳ್ವಿಕೆಯ ವಿರುದ್ಧ ಪ್ಯಾಲೆಸ್ತೀನಿನವರ ದಂಗೆ, ಈ ಊರಿಗೂ ಬಂತು. ಇನ್ನು ಇಸ್ರೇಲಿನ ಹಾಲು ಬೇಡ ಅಂತ ಊರವರು ತೀರ್ಮಾನ ಮಾಡಿದರು. ಇಸ್ರೇಲಿನವರ ಸಾಮೂಹಿಕ ಕೃಷಿ ಊರಾದ ಒಂದು ಕಿಬುಟ್ಜ್‌ನಿಂದ 18 ಹಸು ಕೊಂಡು ತಂದರು. ಹಸು ಸಾಕಿ ಅಭ್ಯಾಸ ಇಲ್ಲದ ಜನ, ಕಲಿತರು. ಆದರೆ ಇಸ್ರೇಲಿನ ಸೈನ್ಯ ಬಂತು. ಈ ಕೊಟ್ಟಿಗೆ ಭದ್ರತೆಗೆ ಅಪಾಯ, ಮುಚ್ಚಿ ಅಂದಿತು. ಊರವರು ಹಸುಗಳನ್ನೇ ಬಚ್ಚಿಟ್ಟರು.

ಹಸು ಕಟ್ಟಿದವರಿಗೆ ಗೊತ್ತು, ಇದು ಹುಡುಗಾಟದ ಮಾತಲ್ಲ. ಹೊತ್ತಿಗೆ ಸರಿಯಾಗಿ ಹಾಲು ಕರೆಯದಿದ್ದರೆ ಕೆಚ್ಚಲು ಬಿಗಿದು ಹಸು ಕೂಗುತ್ತೆ. ಮೇವು ಬೇಕು, ನೀರು ಬೇಕು, ಸಗಣಿ ಎತ್ತಬೇಕು. ಸೈನಿಕರು ಬೀದಿ ಬೀದಿ ಹುಡುಕುವಾಗ ಇಷ್ಟನ್ನೂ ಸದ್ದಿಲ್ಲದೆ ಮಾಡಬೇಕು. ಅಕ್ಕಪಕ್ಕದವರು ಒಂದೇ ಮನಸ್ಸಾಗದೆ ಒಂದು ಹಸುವನ್ನೂ ಬಚ್ಚಿಡೋಕೆ ಆಗಲ್ಲ.

ಅದೇ ಊರು ತೆರಿಗೆ ಕಟ್ಟೋದನ್ನೂ ನಿಲ್ಲಿಸಿತು. ನಮ್ಮನ್ನು ಕೇಳದೆ ಆಳುವವರಿಗೆ ನಮ್ಮ ದುಡ್ಡು ಯಾಕೆ ಅನ್ನೋದು ಅವರ ವಾದ. 1989ರ ಶರತ್ಕಾಲದಲ್ಲಿ ಸೈನ್ಯ ಸುಮಾರು ಆರು ವಾರ ಊರನ್ನು ಮುತ್ತಿಗೆ ಹಾಕಿತು. ಫೋನ್ ಕತ್ತರಿಸಿತು. ಅಂಗಡಿ ಸಾಮಾನು, ಬಡಗಿಯ ಮೆಷಿನ್, ಮನೆಯ ಫ್ರಿಜ್, ಟಿವಿ ಎಲ್ಲ ಜಪ್ತಿ ಮಾಡಿ ಲಾರಿಗೆ ಹೇರಿತು. ನಮ್ಮ ಅಂಕೋಲಾ, ಸಿದ್ದಾಪುರದ ಕರನಿರಾಕರಣೆಯ ಕತೆ ಕೇಳಿ ಬೆಳೆದವರಿಗೆ ಈ ಜಪ್ತಿ, ಈ ಹರಾಜು ಹೊಸದೇನಲ್ಲ ಅಲ್ವಾ? ಇದನ್ನು ಖಂಡಿಸುವ ನಿರ್ಣಯ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೂ ಹೋಯಿತು. ಅಮೆರಿಕ ವೀಟೋ ಹಾಕಿತು.

ಇದು ಒಂದೂರಿನ ಕತೆ ಮಾತ್ರ ಅಲ್ಲ. 1936ರಲ್ಲೇ ಬ್ರಿಟಿಷರ ವಿರುದ್ಧ ಆರು ತಿಂಗಳು ಅಂಗಡಿ ಮುಂಗಟ್ಟು ಮುಚ್ಚಿ ಕೂತ ಜನ ಇವರು. ಬಿರ್‌ಜೇತ್ ವಿಶ್ವವಿದ್ಯಾಲಯಕ್ಕೆ 1988ರಲ್ಲಿ ಇಸ್ರೇಲ್ ಹಾಕಿದ ಬೀಗ 51 ತಿಂಗಳು ತೆಗೆಯಲಿಲ್ಲ. ಶಾಲೆಗಳೂ ಮುಚ್ಚಿದ್ದವು. ಆಗ ಮನೆಯ ಪಡಸಾಲೆಯಲ್ಲೇ ಪಾಠ ನಡೆಯಿತು.

ಗಾಂಧಿಯ ಮಾತಿಗೆ ಬರ್ತೀನಿ. ಜೆರುಸಲೇಮಿನಲ್ಲಿ ಹುಟ್ಟಿದ ಮುಬಾರಕ್ ಅವಾದ್ ಅಹಿಂಸೆಯ ಅಧ್ಯಯನಕ್ಕೆ ಅಂತಲೇ ಅಲ್ಲಿ ಒಂದು ಕೇಂದ್ರ ತೆರೆದಿದ್ದರು. ತೆರಿಗೆ ಕಟ್ಟಬೇಡಿ, ಇಸ್ರೇಲಿನ ಸಾಮಾನು ಕೊಳ್ಳಬೇಡಿ ಅಂತ ಹೇಳುತ್ತಿದ್ದರು. 1988ರ ಜೂನ್‌ನಲ್ಲಿ ಇಸ್ರೇಲ್ ಅವರನ್ನು ವಿಮಾನ ಹತ್ತಿಸಿ ಅಮೆರಿಕಕ್ಕೆ ಗಡೀಪಾರು ಮಾಡಿತು.

ಎಲ್ಲವೂ ಅಹಿಂಸೆಯಾಗಿತ್ತು ಅಂತ ನಾನು ಹೇಳಲ್ಲ. ಆ ಇಂತಿಫಾದಾದಲ್ಲೂ ಕಲ್ಲು, ಪೆಟ್ರೋಲ್ ಬಾಂಬ್ ಇದ್ದವು. ಇಸ್ರೇಲಿನ ಮಾಹಿತಿದಾರರು ಅಂತ ಅನುಮಾನಿಸಿ ತಮ್ಮವರನ್ನೇ ಕೊಂದರು. 2000ದ ನಂತರ ಇಸ್ರೇಲಿನ ಬಸ್ಸು, ಹೋಟೆಲುಗಳಲ್ಲಿ ಬಾಂಬ್ ಸಿಡಿಸಿದ್ದನ್ನು ಯಾವ ಬಾಯಿಂದಲೂ ಸಮರ್ಥಿಸೋಕೆ ಆಗಲ್ಲ. ಆ ಸದ್ದಿನಲ್ಲಿ ಉಳಿದ ಕತೆ ನಮ್ಮ ಕಿವಿಗೆ ಬೀಳಲೇ ಇಲ್ಲ ಅನ್ನೋದು ನನ್ನ ಸಂಕಟ. ಬಿಲ್‌ಇನ್ ಹಳ್ಳಿಯವರು 2005ರಿಂದ ಪ್ರತಿ ಶುಕ್ರವಾರ, ತಮ್ಮ ಜಮೀನಿಗೆ ಅಡ್ಡವಾಗಿ ಇಸ್ರೇಲ್ ಹಾಕಿದ ಬೇಲಿಯ ಹತ್ತಿರ ಮೆರವಣಿಗೆ ಹೋದರು. ಬೇಲಿಯ ದಾರಿ ಬದಲಿಸಿ ಅಂತ 2007ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ ಹೇಳಿತು. ಬೇಲಿ ಸರಿದದ್ದು 2011ರಲ್ಲಿ. ಜಮೀನಿನ ಒಂದು ಪಾಲು ವಾಪಸ್ ಬಂತು.

ತಮ್ಮನಿಗೆ ಹೇಳಿದೆ: ಗಾಂಧಿ ಎಲ್ಲಿ ಅಂತ ಕೇಳ್ತೀಯಲ್ಲ, ಬರಿಗೈಯಲ್ಲಿ ಬಂದವರಿಗೆ ಎದುರಿಗಿದ್ದವರು ಏನು ಮಾಡಿದರು ಅಂತಲೂ ಕೇಳು. 2018ರ ಮಾರ್ಚ್ 30ರಿಂದ ಗಾಜಾದ ಸಾವಿರಾರು ಜನ ವಾರ ವಾರ ಇಸ್ರೇಲ್ ಗಡಿಯ ಬೇಲಿಯ ಕಡೆ ನಡೆದರು. ಕಲ್ಲು ಎಸೆದವರು, ಬೆಂಕಿಯ ಗಾಳಿಪಟ ಬಿಟ್ಟವರು ಇದ್ದರು. ಟೆಂಟ್ ಹಾಕಿ ಮಕ್ಕಳು ಮರಿ ಜೊತೆ ಬಂದು ಕೂತವರೂ ಇದ್ದರು. ವಿಶ್ವಸಂಸ್ಥೆಯ ತನಿಖಾ ಆಯೋಗದ ಪ್ರಕಾರ, ಆ ವರ್ಷದ ಕೊನೆಯೊಳಗೆ ಈ ಪ್ರತಿಭಟನೆಗಳಲ್ಲಿ ಸತ್ತವರು 189 ಮಂದಿ. ಅವರಲ್ಲಿ 35 ಮಕ್ಕಳು.

ಜೂನ್ 1ರಂದು ಗುಂಡು ಬಿದ್ದದ್ದು ರಝಾನ್ ಅಲ್-ನಜ್ಜಾರ್ ಅನ್ನೋ ಹುಡುಗಿಗೆ. ಗಾಯಗೊಂಡವರಿಗೆ ಪ್ರಥಮ ಚಿಕಿತ್ಸೆ ಕೊಡೋದು ಅವಳ ಕೆಲಸ. ಮೈಮೇಲೆ ಬಿಳಿ ಕೋಟು ಇತ್ತು.