ಮಳೆ ಅಳೆಯುತ್ತೇವೆ, ಮಳೆಯ ಜೊತೆ ಇಳಿದದ್ದನ್ನು?

ಕೊಡಗಿನಲ್ಲಿ ಮಳೆಗಾಲದಲ್ಲಿ ಇಬ್ಬರು ಕಾಫಿ ತೋಟದವರು ಸಿಕ್ಕರೆ ಮೊದಲ ಪ್ರಶ್ನೆ, "ನಿಮ್ಮಲ್ಲಿ ಎಷ್ಟು ಸೆಂಟು?" (ಜಾಗದ ಸೆಂಟಲ್ಲ, ನೂರು ಸೆಂಟು ಅಂದರೆ ಒಂದು ಇಂಚು ಮಳೆ.) ಕ್ಷೇಮಸಮಾಚಾರ ಆಮೇಲೆ. ನಮ್ಮ ಮನೆಯಲ್ಲಿ ತಾತನ ಕಾಲದ ಮಳೆ ಡೈರಿಗಳೇ ಒಂದು ಟ್ರಂಕ್ ತುಂಬ ಇವೆ. ಕಾಫಿ ಹೂ ಅರಳಿಸುವ ಹೂಮಳೆ ಎರಡು ದಿನ ತಡವಾದದ್ದೂ ಅದರಲ್ಲಿದೆ. ಆದರೆ ಮಳೆ ತನ್ನ ಜೊತೆ ಏನನ್ನು ಇಳಿಸಿತು ಅನ್ನುವುದು ಒಂದು ಪುಟದಲ್ಲೂ ಇಲ್ಲ.

ಸಾರಜನಕದ ಮಾತು ಇದು. ಗಾಳಿಯಲ್ಲಿ ನೂರಕ್ಕೆ 78 ಭಾಗ ಅದೇ, ಅದರಿಂದ ತೊಂದರೆಯಿಲ್ಲ. ತೊಂದರೆ ಕೊಡುವುದು ಅದರ ಬೇರೆ ರೂಪಗಳು: ಯೂರಿಯಾ, ಕೊಟ್ಟಿಗೆ, ಹಂದಿಗೂಡಿನಿಂದ ಏಳುವ ಅಮೋನಿಯಾ ಮತ್ತು ವಾಹನದ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್. ಯೂರಿಯಾ ಹಾಕಿದ ಮೇಲೆ ಮಳೆ ಕೈಕೊಟ್ಟರೆ "ದುಡ್ಡು ಗಾಳಿಗೆ ಹೋಯ್ತು" ಅಂತ ಬೈದುಕೊಳ್ಳುತ್ತೇವಲ್ಲ, ಒಂದು ಪಾಲು ನಿಜಕ್ಕೂ ಗಾಳಿಗೇ ಹೋಗಿರುತ್ತದೆ. ಹೋದದ್ದು ಎಲ್ಲೋ ಇಳಿಯಲೇಬೇಕು. ಪಕ್ಕದ ದೇವರಕಾಡಿನ ಮೇಲೂ ಇಳಿಯಬಹುದು.

ಬಿಟ್ಟಿ ಗೊಬ್ಬರ, ಒಳ್ಳೇದೇ ಅಲ್ವಾ? ಕಾಫಿಗೆ ಹೌದು. ಬಡ ಮಣ್ಣಿಗೆ ಒಗ್ಗಿಕೊಂಡ ಸಣ್ಣ ಗಿಡಗಳಿಗೆ ಅಲ್ಲ. ಜೋರಿರುವ ಹುಲ್ಲು ಇನ್ನೂ ಎದ್ದು ಅವುಗಳ ಬೆಳಕು ಮುಚ್ಚುತ್ತದೆ. ಬ್ರಿಟನ್ನಿನ 68 ಹುಲ್ಲುಗಾವಲುಗಳಲ್ಲಿ ಗಿಡ ಎಣಿಸಿ 2004ರಲ್ಲಿ ಒಂದು ಲೆಕ್ಕ ಕೊಟ್ಟರು: ಹೆಕ್ಟೇರಿಗೆ ವರ್ಷಕ್ಕೆ ಬೀಳುವ ಸಾರಜನಕ 2.5 ಕಿಲೋ ಹೆಚ್ಚಾದಂತೆಲ್ಲ ನಾಲ್ಕು ಚದರ ಮೀಟರಿನಲ್ಲಿ ಒಂದು ಜಾತಿಯ ಗಿಡ ಕಡಿಮೆ. ಅಂದರೆ ಎಕರೆಗೆ ಬರೀ ಒಂದು ಕಿಲೋ! ನಮ್ಮ 45 ಕಿಲೋ ಯೂರಿಯಾ ಚೀಲದಲ್ಲಿ 20 ಕಿಲೋಗಿಂತ ಜಾಸ್ತಿ ಇದೆ.

ಆಸಿಡ್ ಸವರಿದ ಕಾಗದದ ಪುಟ್ಟ ಡಬ್ಬಿಯನ್ನು ತಿಂಗಳು ತೂಗುಹಾಕಿ ಲ್ಯಾಬಿಗೆ ಕೊಟ್ಟರೆ ಗಾಳಿಯ ಅಮೋನಿಯಾ ಎಷ್ಟೆಂದು ಗೊತ್ತಾಗುತ್ತದೆ. ಗಿಡಕ್ಕೇನಾಯಿತು ಅನ್ನುವುದು ಅದರಿಂದ ಗೊತ್ತಾಗಲ್ಲ. ನನಗೆ ಅದಕ್ಕಿಂತ ನಂಬಿಕೆ ಕಲ್ಲುಹೂವಿನ ಮೇಲೆ. ಹೌದು, ಮಸಾಲೆಗೆ ಹಾಕುತ್ತೇವಲ್ಲ, ಅದೇ ಬಳಗ. ಬೇರಿಲ್ಲ, ಗಾಳಿ ಮಳೆ ತಂದದ್ದೇ ಊಟ. ಯೂರೋಪಿನಲ್ಲಿ ಅಮೋನಿಯಾ ಜಾಸ್ತಿಯಾದ ಕಡೆ ಗಡ್ಡದಂತೆ ಜೋಲುವ ಜಾತಿಗಳು ಮಾಯವಾಗಿ, ಹಳದಿ ಬಣ್ಣದ್ದು ಹಬ್ಬುತ್ತದೆ. ಆ ಪಟ್ಟಿಯನ್ನು ಇಲ್ಲಿ ತಂದು ಅಂಟಿಸುವ ಹಾಗಿಲ್ಲ, ನಮ್ಮ ಮರಗಳಲ್ಲಿ ನಾವೇ ನೋಡಬೇಕು. ನೆರಳು ಕಡಿದರೂ ಕಲ್ಲುಹೂವು ಬದಲಾಗುತ್ತದೆ, ಆ ತಪ್ಪನ್ನು ಗೊಬ್ಬರದ ತಲೆಗೆ ಕಟ್ಟಬಾರದು. ಹಾಗಾಗಿ ಒಂದೇ ಜಾತಿಯ ಮರ, ಅಷ್ಟೇ ನೆರಳು, ಅಷ್ಟೇ ಎತ್ತರ. ಹಂದಿಗೂಡಿನಿಂದ 10 ಮೀಟರ್, 50, 200 ದೂರದಲ್ಲಿ ಹೋಲಿಸಿ ನೋಡಬೇಕು. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜೇ ಇದೆ, ಮಳೆ ಡೈರಿ ನಮ್ಮಲ್ಲಿದೆ. ಎರಡೂ ಸೇರಬೇಕು, ಅಷ್ಟೇ.

ನಾನಂತೂ ಡೈರಿಯಲ್ಲಿ ಹೊಸ ಕಾಲಂ ಎಳೆದಿದ್ದೇನೆ. "ಮಳೆ ಬಿಟ್ಟು ಪಾಚಿ ಎಣಿಸ್ತಿದ್ದೀಯಾ?" ಅಂತ ಅಣ್ಣ ನಗುತ್ತಾನೆ. ಗೂಡಿನ ಪಕ್ಕದ ಹಲಸಿನಲ್ಲಿ ಗಡ್ಡ ಸೊನ್ನೆ. ಒಂದು ಮರ ನೋಡಿ ಏನೂ ಹೇಳಲಾಗದು. ಇನ್ನೂ ಒಂಬತ್ತಿವೆ, ಜಿಗಣೆ ಕಾಟ ಸ್ವಲ್ಪ ಇಳಿಯಲಿ.