ನರಕದ ಬಾಗಿಲಲ್ಲಿ ಟಿಕೆಟ್

ಜರ್ಮನ್ ಭಾಷೆಯಲ್ಲಿ ‘ಹೋಲೆಂಟಾಲ್’ ಅಂದರೆ ನರಕದ ಕಣಿವೆ. ಜರ್ಮನಿಯ ಅತಿ ಎತ್ತರದ ಬೆಟ್ಟ ತ್ಸುಗ್‌ಶ್ಪಿಟ್ಸೆಯ (2962 ಮೀಟರ್) ಬುಡದಲ್ಲಿ ಹಾಮರ್ಸ್‌ಬಾಖ್ ಎಂಬ ಪುಟ್ಟ ಊರಿದೆ. ಅಲ್ಲಿಂದ ಈ ನರಕಕ್ಕೆ ನಡೆದೇ ಹೋಗಬಹುದು. ಪಾಪ ಮಾಡಿರಲೇಬೇಕೆಂದಿಲ್ಲ, ಕಣಿವೆಯ ಇಕ್ಕಟ್ಟಾದ ಕಮರಿಯ ಬಾಗಿಲಲ್ಲಿ ಟಿಕೆಟ್ ತೆಗೆದುಕೊಂಡರೆ ಸಾಕು. ಆಲ್ಪೈನ್ ಕ್ಲಬ್ ಎಂಬ ಚಾರಣಿಗರ ಸಂಘದ ಸದಸ್ಯರಿಗೆ ರಿಯಾಯಿತಿಯೂ ಉಂಟು. ಬಾಗಿಲು ತೆರೆದಿರುವುದು ಹೆಚ್ಚುಕಮ್ಮಿ ಮೇನಿಂದ ಅಕ್ಟೋಬರ್ ತನಕ. ಚಳಿಗಾಲದಲ್ಲಿ ನರಕಕ್ಕೂ ರಜೆ.

ಮ್ಯೂನಿಕ್ ಕನ್ನಡಿಗರ ಎಡವಟ್ಟು ರೈಲಿನಿಂದಲೇ ಶುರು. ಐದು ಜನ ಸೇರಿ ಬವೇರಿಯಾ ರಾಜ್ಯದಲ್ಲಿ ಒಂದು ದಿನ ಓಡಾಡಬಹುದಾದ ‘ಬಯರ್ನ್ ಟಿಕೆಟ್’ ಅಗ್ಗವೇನೋ ಹೌದು, ಆದರೆ ವಾರದ ದಿನಗಳಲ್ಲಿ ಬೆಳಿಗ್ಗೆ 9ರ ಮೇಲೆಯೇ ಅದು ನಡೆಯುವುದು. ಬೆಟ್ಟದ ಬುಡದ ಪಟ್ಟಣ ಗಾರ್ಮಿಶ್‌ಗೆ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ಇನ್ನೊಂದು ರೈಲೋ ಬಸ್ಸೋ. ಹತ್ತು ಯೂರೋ ಉಳಿಸಿದವರು ನಡೆಯಲು ಶುರುಮಾಡುವಾಗ ಸೂರ್ಯ ನೆತ್ತಿಗೆ ಬಂದಿರುತ್ತಾನೆ. ಆಲ್ಪ್ಸ್‌ನ ಬೇಸಿಗೆಯಲ್ಲಿ ಗುಡುಗು ಮಳೆ ಬರುವುದೂ ಮಧ್ಯಾಹ್ನದ ಮೇಲೆಯೇ. 2021ರ ಆಗಸ್ಟ್‌ನಲ್ಲಿ ಇದೇ ಕಮರಿಯಲ್ಲಿ ದಿಢೀರ್ ನೆರೆ ಬಂದು ಜೀವಹಾನಿಯಾಯಿತು. ಗುಡುಗಿನ ಮುನ್ಸೂಚನೆ ಇದ್ದ ದಿನ ಹೋಗಲೇಬೇಡಿ; ಇದರಲ್ಲಿ ತಮಾಷೆ ಇಲ್ಲ.

ಊರಿನಿಂದ ಕಮರಿಯ ಬಾಗಿಲಿಗೆ ಸುಮಾರು ಮುನ್ನೂರು ಮೀಟರ್ ಏರು, ಒಂದು ಗಂಟೆಯ ಮೇಲೆ ಚೂರು. ದಾರಿಯ ಹಳದಿ ಫಲಕಗಳಲ್ಲಿ ಕಿಲೋಮೀಟರ್ ಹುಡುಕಬೇಡಿ, ಗಂಟೆ ಬರೆದಿರುತ್ತಾರೆ. ಅದೂ ನಿಲ್ಲದೆ ನಡೆಯುವವರ ಗಂಟೆ. ಸೆಲ್ಫಿ, ನೀರು, ‘ಒಂದು ನಿಮಿಷ ಕೂತ್ಕೊಳ್ಳೋಣ’ ಇವೆಲ್ಲ ಬೇರೆ ಲೆಕ್ಕ.

ಕಮರಿ ಸುಮಾರು ಒಂದು ಕಿಲೋಮೀಟರ್ ಉದ್ದ. 1902ರಿಂದ 1905ರವರೆಗೆ ಬಂಡೆ ಕೊರೆದು ಸುರಂಗ, ಸೇತುವೆ, ಕಾಲುದಾರಿ ಮಾಡಿದ್ದಾರೆ. ಬಿಸಿಲು ಧಗಧಗ ಎನ್ನುವ ದಿನವೂ ಒಳಗೆ ಮಳೆ ತಪ್ಪದು: ಸುಣ್ಣಕಲ್ಲಿನ ಸಂದಿಯಿಂದ ಜಿನುಗಿದ ನೀರು ಸುರಂಗದ ಚಾವಣಿಯಿಂದ ತೊಟ್ಟಿಕ್ಕುತ್ತದೆ, ಹೊಳೆಯ ತುಂತುರು ಪಕ್ಕದಿಂದ ಬಡಿಯುತ್ತದೆ. ಇದನ್ನು ಓದಿಕೊಂಡು ಬಂದ ಬುದ್ಧಿವಂತರು ಕೊಡೆ ತರುತ್ತಾರೆ. ಒಬ್ಬರು ಹೋಗುವಷ್ಟೇ ಅಗಲದ ಸುರಂಗದಲ್ಲಿ ಕೊಡೆ ಬಿಚ್ಚಿದರೆ ಕಡ್ಡಿಗಳು ಎರಡೂ ಗೋಡೆಗೆ ಸಿಕ್ಕಿಕೊಂಡು, ಬಾಟಲಿಗೆ ಬಿರಡೆ ಹಾಕಿದಂತಾಗುತ್ತದೆ. ಮುಂದೆ ಹೋಗದು, ಹಿಂದೆ ಬಾರದು, ಮಡಚಲು ಮೊಣಕೈಗೆ ಜಾಗವಿಲ್ಲ. ಬೆನ್ನ ಹಿಂದೆ ಇಪ್ಪತ್ತು ಜನ ಜರ್ಮನ್ನರು ಬಲು ಮರ್ಯಾದೆಯಿಂದ ಮೌನವಾಗಿ ನಿಂತಿರುತ್ತಾರೆ. ಬೈದುಬಿಟ್ಟರೆ ಎಷ್ಟೋ ವಾಸಿ.

ಬೇಕಾದದ್ದು ಟೋಪಿಯಿರುವ ಮಳೆ ಕೋಟು. ಅಗ್ಗದ ಪ್ಲಾಸ್ಟಿಕ್ ಪೊಂಚೊ ಬೇಡ. ಅದರ ಅಂಚು ಪಕ್ಕದ ಕಬ್ಬಿಣದ ಹಗ್ಗಕ್ಕೆ ಸಿಕ್ಕಿ ಪರ್‍ರೆಂದು ಹರಿಯುತ್ತದೆ. ಜೀನ್ಸ್ ಕೂಡ ಬೇಡ: ಒಮ್ಮೆ ನೆನೆದರೆ ಸಂಜೆವರೆಗೂ ಒಣಗದು, ತೊಡೆಗೆ ಅಂಟಿಕೊಂಡು ಹೆಜ್ಜೆ ಹೆಜ್ಜೆಗೂ ಹಿಡಿದೆಳೆಯುತ್ತದೆ. ಸವೆದ ಅಟ್ಟೆಯ ಶೂ ಒದ್ದೆ ಸುಣ್ಣಕಲ್ಲಿನ ಮೇಲೆ ಸಾಬೂನಿನಂತೆ ಜಾರುತ್ತದೆ. ಉದ್ದ ಆಳುಗಳು ಬಗ್ಗಿಯೇ ನಡೆಯಲಿ. ‘ತಲೆ ಜೋಪಾನ’ ಅಂತ ಹಿಂದಿರುವವರಿಗೆ ಹೇಳಲು ತಿರುಗಿದವರ ತಲೆಯೇ ಮೊದಲು ತಗಲುವುದು. ಕನ್ನಡಕದವರಿಗೆ ಒಂದು ಒಣ ಬಟ್ಟೆ ಬೇಕು, ಅದು ಒಣಗಿಯೇ ಇರಲು ಜಿಪ್ ಚೀಲವೂ ಬೇಕು.

ಕಮರಿ ದಾಟಿ ಅರ್ಧ ಗಂಟೆ ನಡೆದರೆ 1387 ಮೀಟರ್ ಎತ್ತರದಲ್ಲಿ ಹೋಲೆಂಟಾಲಾಂಗರ್ ಹಟ್ಟೆ, ಅಂದರೆ ಚಾರಣಿಗರ ತಂಗುಮನೆ. ಈಗಿನ ಕಟ್ಟಡ 2015ರದ್ದು. ನೆನೆದ ಕೈಯಲ್ಲಿ ಡಬ್ಬಿ ತೆರೆದಾಗ ಬೆಳಿಗ್ಗೆ ತುಪ್ಪ ಸುರಿದು ಮಾಡಿದ ಉಪ್ಪಿಟ್ಟು ಇಟ್ಟಿಗೆಯಾಗಿರುತ್ತದೆ. ಅದರ ಬದಲು ಹುಳಿಯನ್ನ ಅಥವಾ ಒಣ ಚಪಾತಿ-ಚಟ್ನಿಪುಡಿ ಕಟ್ಟಿಕೊಳ್ಳಿ. ಇಂಥ ಹಟ್ಟೆಗಳಲ್ಲಿ ಸಿಗುವ ಕೈಸರ್‌ಶ್ಮಾರ್ನ್ ಕಂಡು ಬೆಚ್ಚಬೇಡಿ. ಮೊದಲ ದೋಸೆ ಕಾವಲಿಗೆ ಅಂಟಿ ಚೂರುಚೂರಾದಾಗ ನಮ್ಮಮ್ಮಂದಿರು ಮೆಲ್ಲಗೆ ಬಚ್ಚಿಡುವುದನ್ನೇ ಇಲ್ಲಿ ಸಕ್ಕರೆ ಪುಡಿ ಉದುರಿಸಿ ‘ಚಕ್ರವರ್ತಿಯದು’ ಅಂತ ಹೆಸರಿಟ್ಟು ಮಾರುತ್ತಾರೆ. ಮೊಟ್ಟೆ ಇರುತ್ತದೆ, ತಿನ್ನದವರು ನೋಡಿಕೊಳ್ಳಿ. ಜೇಬಿನಲ್ಲಿ ನಗದಿರಲಿ.

ಇಳಿಯಲು ಶ್ಟಾಂಗೆನ್‌ಶ್ಟೈಗ್ ಎಂಬ ಇನ್ನೊಂದು ದಾರಿಯಿದೆ. ನೀರಿಲ್ಲ, ಬದಲಿಗೆ ಪ್ರಪಾತವಿದೆ. ತಲೆಸುತ್ತು ಬರುವವರು ಬಂದ ದಾರಿಯಲ್ಲೇ ಇಳಿಯಲಿ. ಶ್ಟಾಂಗೆನ್‌ಶ್ಟೈಗ್‌ನಲ್ಲಿ 1888ರ ಕಬ್ಬಿಣದ ಸೇತುವೆ ಕಮರಿಯ ತಳದಿಂದ ಎಪ್ಪತ್ತು ಮೀಟರಿಗೂ ಮೇಲೆ ತೂಗುತ್ತದೆ. ಕಂಬಿ ಗಟ್ಟಿ ಹಿಡಿದು ಕೆಳಗೆ ಬಗ್ಗಿ ನೋಡಿ. ಯಾರಾದರೂ ಕೊಡೆ ಬಿಚ್ಚುತ್ತಿದ್ದರೂ ಬಿಚ್ಚುತ್ತಿರಬಹುದು.