ಮಾಲ್ಗುಡಿಯ ವಿಳಾಸದಲ್ಲಿ ಸಿಕ್ಕ ಗೆಳೆಯರು

‘ಮಾಲ್ಗುಡಿ ಡೇಸ್’ ಟಿವಿ ಧಾರಾವಾಹಿ ನಮ್ಮದು ಎಂದು ಹೇಳಿಕೊಳ್ಳುವ ಹಕ್ಕು ಮಲೆನಾಡಿನವರಿಗೆ ಎಷ್ಟಿದೆ ಎಂಬ ಜಗಳ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಮಳೆಗಾಲಕ್ಕೂ ಎದ್ದೇ ಏಳುತ್ತದೆ. ಕಥೆಗಳನ್ನು ಬರೆದ ಆರ್.ಕೆ. ನಾರಾಯಣ್ ಹುಟ್ಟಿದ್ದು ಮದರಾಸಿನಲ್ಲಿ, ಬಾಳಿದ್ದು ಮೈಸೂರಿನಲ್ಲಿ, ಬರೆದದ್ದು ಇಂಗ್ಲಿಷಿನಲ್ಲಿ. 1935ರಲ್ಲಿ ಪುಸ್ತಕದ ಪುಟಗಳಲ್ಲಿ ಮೊದಲು ಕಾಣಿಸಿಕೊಂಡ ಮಾಲ್ಗುಡಿ ಯಾವ ಭೂಪಟದಲ್ಲೂ ಇಲ್ಲದ ಊರು. ಧಾರಾವಾಹಿ ತಯಾರಾದದ್ದು ಹಿಂದಿಯಲ್ಲಿ. ಮೊದಲ 13 ಕಂತುಗಳು ಮಾತ್ರ ಇಂಗ್ಲಿಷಿನಲ್ಲೂ ಬಂದವು. ಕನ್ನಡದ ಒಂದು ಮಾತೂ ಇಲ್ಲದ ಈ ಧಾರಾವಾಹಿಯ ಮೇಲೆ ನಮಗೇನು ಅಧಿಕಾರ ಎಂದು ಮೈಸೂರಿನವರು ಕೇಳುತ್ತಾರೆ. ಶಂಕರ್ ನಾಗ್ ಕ್ಯಾಮೆರಾ ಹೊತ್ತು ಬಂದದ್ದು ನಮ್ಮ ಆಗುಂಬೆಗೆ, ಮಾಲ್ಗುಡಿಯ ರೈಲು ನಿಲ್ಲುತ್ತಿದ್ದದ್ದು ನಮ್ಮ ಹೊಸನಗರ ತಾಲ್ಲೂಕಿನ ಅರಸಾಳಿನಲ್ಲಿ ಎಂದು ನಾನು ಪ್ರತಿ ಬಾರಿಯೂ ಉತ್ತರಿಸುತ್ತೇನೆ. ಜಗಳ ಅಲ್ಲಿಗೆ ತೀರುವುದಿಲ್ಲ, ತೀರಲಿ ಎಂಬ ಆಸೆಯೂ ಯಾರಿಗೂ ಇಲ್ಲ.

ನಾನು ಅದನ್ನು ಮೊದಲು ನೋಡಿದ್ದು ದೂರದರ್ಶನದ ಮರುಪ್ರಸಾರದಲ್ಲಿ, ಅಜ್ಜಿಯ ಪಕ್ಕದಲ್ಲಿ ಕುಳಿತು. ಅಜ್ಜಿಗೆ ಹಿಂದಿಯ ಒಂದಕ್ಷರವೂ ಬರುತ್ತಿರಲಿಲ್ಲ. ಗಿರೀಶ್ ಕಾರ್ನಾಡರು ಅಪ್ಪನಾಗಿ ಬಂದು ನಿಂತ ಕೂಡಲೇ ಸ್ವಾಮಿ ಎಂಬ ಹುಡುಗನಾಗಿ ನಟಿಸಿದ ಮಾಸ್ಟರ್ ಮಂಜುನಾಥನ ಮುಖ ಹೇಗೆ ಬದಲಾಗುತ್ತಿತ್ತು ಎಂಬುದನ್ನು ನೋಡಿಯೇ ಆಕೆಗೆ ಎಲ್ಲವೂ ತಿಳಿಯುತ್ತಿತ್ತು. ಸ್ವಾಮಿ ಅಪ್ಪನ ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗಬೇಕಾದ ಕಥೆಯಲ್ಲಿ ಅಜ್ಜಿ ಟಿವಿಗೇ ಬೈದಿದ್ದರು: ‘ಮಗುವನ್ನು ಹಾಗೆ ಹೆದರಿಸಬಾರದು.’ ಭಾಷೆ ಗೊತ್ತಿಲ್ಲದವರನ್ನೂ ಹೀಗೆ ಒಳಗೆ ಎಳೆದುಕೊಳ್ಳುವ ಕೃತಿ ಯಾರದು ಎಂಬ ಪ್ರಶ್ನೆಗೆ, ಅದನ್ನು ಕಾಪಾಡಿಕೊಂಡು ಬಂದವರದು ಎನ್ನುವುದೇ ನನ್ನ ಉತ್ತರ.

ಕಾಪಾಡಿಕೊಂಡು ಬರುವುದು ಎಂದರೆ ಏನು ಎಂಬುದನ್ನು ಬೇರೆ ದೇಶಗಳ ಅಭಿಮಾನಿಗಳಿಂದ ಕಲಿಯಬೇಕು. ಅಮೆರಿಕದಲ್ಲಿ 1966ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಎರಡನೆಯ ವರ್ಷಕ್ಕೇ ನಿಲ್ಲುವುದರಲ್ಲಿತ್ತು. ನೋಡುಗರು ವಾಹಿನಿಗೆ ರಾಶಿ ರಾಶಿ ಪತ್ರ ಬರೆದು ಮೂರನೆಯ ವರ್ಷವನ್ನು ಗಳಿಸಿಕೊಂಡರು. 1969ರಲ್ಲಿ ಅದು ನಿಂತೇ ಹೋಯಿತು, ಆದರೆ ಅಭಿಮಾನಿಗಳು ನಿಲ್ಲಲಿಲ್ಲ; 1972ರಲ್ಲಿ ನ್ಯೂಯಾರ್ಕಿನಲ್ಲಿ ಅದರ ಹೆಸರಿನಲ್ಲೇ ಸಮಾವೇಶ ನಡೆಸಿದರು. 1990ರಲ್ಲಿ ‘ಟ್ವಿನ್ ಪೀಕ್ಸ್’ ಎಂಬ ಕೊಲೆ ರಹಸ್ಯದ ಧಾರಾವಾಹಿ ಬಂದಾಗ ಇಂದಿನ ಅಂತರ್ಜಾಲ ಜನರ ಕೈಗೆ ಸಿಕ್ಕಿರಲಿಲ್ಲ. ವಿಶ್ವವಿದ್ಯಾಲಯಗಳ ಕಂಪ್ಯೂಟರುಗಳಲ್ಲಿ ಕುಳಿತವರು ಕಂತುಗಳನ್ನು ವಿಸಿಆರ್‌ನಲ್ಲಿ ಮುದ್ರಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿ, ಕೊಲೆಗಾರ ಯಾರೆಂದು ಒಬ್ಬರಿಗೊಬ್ಬರು ಬರೆದುಕೊಂಡರು. ಗುರುತಿಲ್ಲದವರು ಸೇರಿ ಒಂದು ಧಾರಾವಾಹಿಯನ್ನು ಓದುವ ಪದ್ಧತಿ ಆಗಲೇ ಬೇರೂರಿತ್ತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಬ್ರಿಟನ್ನಿನ ‘ಡಾಕ್ಟರ್ ಹೂ’ ಅಭಿಮಾನಿಗಳ ಕಥೆ. 1963ರಲ್ಲಿ ಆರಂಭವಾದ ಆ ಧಾರಾವಾಹಿಯ ಎಷ್ಟೋ ಹಳೆಯ ಟೇಪುಗಳನ್ನು ಬಿಬಿಸಿ ಅಳಿಸಿ ಬೇರೆ ಕಾರ್ಯಕ್ರಮಗಳಿಗೆ ಬಳಸಿಕೊಂಡಿತು. 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇಂದಿಗೂ ಸಿಕ್ಕಿಲ್ಲ. ಆದರೆ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ಉಳಿದಿದೆ. ಪ್ರಸಾರದ ಹೊತ್ತಿಗೆ ಮನೆಯಲ್ಲಿ ಟಿವಿಯ ಮುಂದೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕುಳಿತಿದ್ದ ಅಭಿಮಾನಿಗಳು ಅದನ್ನು ಉಳಿಸಿಕೊಟ್ಟರು. ಆ ಧ್ವನಿಯನ್ನೇ ಆಧಾರವಾಗಿಟ್ಟುಕೊಂಡು ಸ್ಥಿರಚಿತ್ರ ಜೋಡಿಸಿ, ಅನಿಮೇಶನ್ ಮಾಡಿ, ಎಷ್ಟೋ ಕಂತುಗಳಿಗೆ ಮತ್ತೆ ಚಿತ್ರ ಕೊಟ್ಟಿದ್ದಾರೆ.

ಇದು ನನಗೆ ಬರಿಯ ಮಾಹಿತಿಯಾಗಿ ಉಳಿಯದಿರಲು ನಮ್ಮ ಗುಂಪಿನ ಮೇಷ್ಟ್ರು ಕಾರಣ. ಹಾವೇರಿ ಕಡೆಯವರು, ನಿವೃತ್ತ ಹೈಸ್ಕೂಲು ಶಿಕ್ಷಕರು. ಗ್ಲಾಕೋಮಾದಿಂದ ಕಣ್ಣು ಪೂರ್ತಿ ಹೋಗಿದೆ. ಎಲ್. ವೈದ್ಯನಾಥನ್ ಅವರ ಆ ಶೀರ್ಷಿಕೆ ರಾಗ ಕೇಳಿದರೆ ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು ಇಂದಿಗೂ ಕಣ್ಣ ಮುಂದೆ ಬರುತ್ತವೆ, ಆದರೆ ಅದರಾಚೆಗಿನ ದೃಶ್ಯಗಳೆಲ್ಲ ಮಸುಕಾಗುತ್ತಿವೆ ಎಂದು ಅವರು ಒಮ್ಮೆ ಧ್ವನಿ ಸಂದೇಶ ಕಳುಹಿಸಿದರು. ಮಾತು ಕಿವಿಗೆ ಬೀಳುತ್ತದೆ, ಯಾರು ಎಲ್ಲಿ ನಿಂತಿದ್ದಾರೆ ಎಂದು ಯಾರಾದರೂ ಹೇಳಬಹುದೇ ಎಂದು ಕೇಳಿದರು. ಅಂದಿನಿಂದ ನಾವು ಸರದಿಯ ಮೇಲೆ ಒಂದೊಂದು ಕಂತನ್ನು ಮಾತಿನಲ್ಲಿ ಬಿಡಿಸಿ ಅವರಿಗೆ ಕಳುಹಿಸುತ್ತಿದ್ದೇವೆ.

ನನ್ನ ಪಾಲಿಗೆ ಬಂದದ್ದರಲ್ಲಿ ತಿಂಗಳಿಗೆ ನಲವತ್ತೈದು ರೂಪಾಯಿಯ ಗುಮಾಸ್ತನ ಕಥೆಯೂ ಒಂದು. ಮಗಳನ್ನು ಸಂಜೆ ಸಿನಿಮಾಕ್ಕೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟವನು, ಕಚೇರಿ ಬಿಡಗೊಡುವುದಿಲ್ಲ ಎಂದು ರಾಜೀನಾಮೆಯನ್ನೇ ಬರೆಯುತ್ತಾನೆ. ಸಂಬಳ ನಲವತ್ತರಿಂದ ನಲವತ್ತೈದಕ್ಕೆ ಏರಿದೆ ಎಂದು ಗೊತ್ತಾದೊಡನೆ ಅದನ್ನು ಹಿಂದಕ್ಕೆ ಪಡೆಯುತ್ತಾನೆ. ಮನೆಗೆ ಬರುವ ಹೊತ್ತಿಗೆ ಮಗು ತೊಟ್ಟ ಫ್ರಾಕಿನಲ್ಲೇ ನಿದ್ದೆ ಹೋಗಿರುತ್ತದೆ. ಇಷ್ಟನ್ನು ಹೇಳಿ ಮುಗಿಸಿದ್ದೆ. ಮೇಷ್ಟ್ರಿಂದ ಮರುಪ್ರಶ್ನೆ ಬಂತು: ‘ಅಪ್ಪ ಬಾಗಿಲ ಹೊರಗೇ ನಿಂತು ನೋಡುತ್ತಿದ್ದಾನೋ, ಮಗುವಿನ ಹತ್ತಿರ ಬಂದಿದ್ದಾನೋ? ಅವನ ಕೈ ಎಲ್ಲಿದೆ?’ ಉತ್ತರಿಸಲು ಕಂತನ್ನು ಮತ್ತೆ ಹಾಕಿ, ನಿಧಾನವಾಗಿ, ಕೈಗಳನ್ನಷ್ಟೇ ನೋಡಬೇಕಾಯಿತು. ನಟನೊಬ್ಬನ ಕೈ ಎಷ್ಟು ಮಾತನಾಡುತ್ತದೆ ಎಂದು ನನಗೆ ಕಲಿಸಿದವರು ಕಣ್ಣಿಲ್ಲದ ಆ ಮೇಷ್ಟ್ರು. ಇವತ್ತಿಗೂ ನಾವಿಬ್ಬರೂ ಎದುರೆದುರು ಕುಳಿತು ಒಂದು ಲೋಟ ಕಾಫಿ ಕುಡಿದವರಲ್ಲ.

‘ಮುಖ ನೋಡದವರ ಜೊತೆ ಎಂಥ ಸ್ನೇಹ?’ ಎಂದು ಕೇಳುವವರು ನಮ್ಮ ನೆಂಟರಲ್ಲೇ ಬೇಕಾದಷ್ಟು ಇದ್ದಾರೆ. ಮೊಬೈಲು ಹಿಡಿದವರೆಲ್ಲ ಒಂಟಿಯಾಗಿದ್ದಾರೆ, ಅಂತರ್ಜಾಲ ಮನುಷ್ಯ ಸಂಬಂಧವನ್ನು ಕೆಡಿಸಿತು ಎಂಬ ಮಾತು ಈಗ ಸಭೆ ಸಮಾರಂಭಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ಮಲೆನಾಡಿನಲ್ಲಿ ನಿಂತು ಈ ಮಾತು ಹೇಳುವವರನ್ನು ನಾನು ಒಪ್ಪುವುದಿಲ್ಲ. ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಊರು ಎಂದರೆ ಒತ್ತೊತ್ತಾಗಿ ಸೇರಿದ ಬೀದಿಯಲ್ಲ. ತೋಟಕ್ಕೊಂದು ಮನೆ, ಗುಡ್ಡದ ಆಚೆ ಇನ್ನೊಂದು. ಮಳೆಗಾಲದಲ್ಲಿ ಹಳ್ಳ ತುಂಬಿ ಸಂಕ ಮುಳುಗಿದರೆ ಎದುರು ದಂಡೆಯ ಮನೆಯವರನ್ನು ನೋಡದೆ ವಾರಗಟ್ಟಲೆ ಕಳೆಯುತ್ತಿದ್ದರು. ಒಂಟಿಮನೆಯಲ್ಲಿ ಹುಟ್ಟಿದ ನಮಗೆ ದೂರದ ಸ್ನೇಹ ಹೊಸದಲ್ಲ. ಯಕ್ಷಗಾನದ ಮೇಳ ಬಂದಿದೆ ಎಂದು ಕೇಳಿದರೆ ದೊಂದಿ ಹಿಡಿದು ಮೈಲಿಗಟ್ಟಲೆ ನಡೆಯುತ್ತಿದ್ದ ಹಿರಿಯರು ನಮ್ಮಲ್ಲಿ ಅಭಿಮಾನಿ ಸಂಸ್ಕೃತಿಯನ್ನು ಕಟ್ಟಿದವರು. ಅವರಿಗೆ ಪ್ರಸಂಗ ಬಾಯಿಪಾಠವಾಗಿತ್ತು. ಕರ್ಣನ ಸಾವು ಗೊತ್ತಿದ್ದೇ ಹೋಗುತ್ತಿದ್ದರು, ಈ ಬಾರಿಯ ವೇಷಧಾರಿ ಆ ಸಾವನ್ನು ಯಾವ ಮಾತಿನಲ್ಲಿ ಕಟ್ಟಿಕೊಡುತ್ತಾನೆ ಎಂದು ಕೇಳಲು. ಆಟ ಮುಗಿದ ಮೇಲೆ ದಾರಿಯುದ್ದಕ್ಕೂ ವಾದ. ಹಾಗೆ ವಾದಿಸಿದವರು ಜೀವಮಾನದ ಗೆಳೆಯರಾದದ್ದಿದೆ, ವರ್ಷಕ್ಕೊಂದು ಸಲ ಬಯಲಾಟದ ಚೌಕಿಯ ಬಳಿ ಸಿಕ್ಕರೂ ಸಾಕಾಗುತ್ತಿತ್ತು. ಒಂದೇ ವಸ್ತುವನ್ನು ಇಬ್ಬರೂ ಮನಸಾರೆ ಮೆಚ್ಚಿದರೆ ಅಲ್ಲಿ ಹುಟ್ಟುವ ಸಲಿಗೆಗೆ ಬೇಲಿ ಪಕ್ಕದ ಮನೆ ಬೇಕಾಗಿಲ್ಲ.

ಇಂಟರ್ನೆಟ್ಟಿನಲ್ಲಿ ಕೆಟ್ಟದ್ದಿಲ್ಲ ಎಂದು ನಾನು ವಾದಿಸುತ್ತಿಲ್ಲ. ನನಗೆ ಸಿಟ್ಟು ಬರಿಸುವ ಸಂಗತಿಗಳು ಬಹಳ ಇವೆ. 2016ರಲ್ಲಿ ಡೇಟಾ ಅಗ್ಗವಾದ ಮೇಲೆ ಹಳ್ಳಿ ಹಳ್ಳಿಗೂ ವಿಡಿಯೊ ಬಂತು. ಅದರ ಬೆನ್ನಿಗೇ ಆಗುಂಬೆಯ ದೊಡ್ಡಮನೆಯ ಮುಂದೆ ಆ ರಾಗ ಹಾಕಿ ಮೂವತ್ತು ಸೆಕೆಂಡು ಕುಣಿದು ಹೋಗುವವರೂ ಬಂದರು. ಅದು ಸ್ವಾಮಿಯ ಮನೆ ನಿಜ, ಆದರೆ ಇಂದಿಗೂ ಅದು ಒಂದು ಮನೆ. ಕೇಳದೆ ಒಳನುಗ್ಗುವುದು, ಅಂಗಳದ ಮೇಲೆ ಡ್ರೋನ್ ಹಾರಿಸುವುದು ಅಭಿಮಾನವಲ್ಲ. ಇನ್ನೊಂದು ಬಗೆಯ ದರ್ಪ ನಮ್ಮಂಥ ಹಳೆಯ ಅಭಿಮಾನಿಗಳದ್ದು. ಯಾರಾದರೂ ಹುಡುಗಿ ‘ರೀಲ್ಸ್‌ನಲ್ಲಿ ಈ ರಾಗ ಕೇಳಿ ಧಾರಾವಾಹಿ ಹುಡುಕಿಕೊಂಡು ಬಂದೆ’ ಎಂದರೆ ಸಾಕು, ಪ್ರಶ್ನೆಪತ್ರಿಕೆ ಹಿಡಿದು ನಿಲ್ಲುತ್ತಾರೆ. ಶಂಕರ್ ನಾಗ್ ನಿರ್ದೇಶಿಸಿದ ಕಂತುಗಳೆಷ್ಟು, 2006ರಲ್ಲಿ ಕವಿತಾ ಲಂಕೇಶ್ ಮುಂದುವರಿಸಿದ್ದೆಷ್ಟು, ಕಲಾ ನಿರ್ದೇಶಕ ಯಾರು! 39, 15, ಜಾನ್ ದೇವರಾಜ್ ಎಂದು ಉತ್ತರ ನಾನೇ ಹೇಳಿಬಿಡುತ್ತೇನೆ, ಹುಡುಗಿ ಒಳಗೆ ಬರಲಿ. ಯಾವ ಬಾಗಿಲಿನಿಂದ ಬಂದರೇನು? ಕಂತುಗಳು ಯೂಟ್ಯೂಬ್‌ನಲ್ಲಿ ಇವೆ, ನೋಡಲಿಕ್ಕೆ ಯಾರ ಅಪ್ಪಣೆಯೂ ಬೇಡ. ಹೊಸಬರು ಬಾರದಿದ್ದರೆ ಈ ಧಾರಾವಾಹಿ ನಮ್ಮ ಜೊತೆಗೇ ಮುದಿಯಾಗುತ್ತದೆ.

‘ಆ ಕಾಲವೇ ಚೆನ್ನಾಗಿತ್ತು’ ಎಂಬ ಹಾಡನ್ನೂ ನಾನು ಸಹಿಸಲಾರೆ. ಮಾಲ್ಗುಡಿ ಸಿಹಿ ಸಿಹಿಯಾದ ಊರಲ್ಲ. ಅಲ್ಲಿ ಮಗುವಿಗೆ ಕೊಟ್ಟ ಮಾತು ಐದು ರೂಪಾಯಿಗೆ ಮುರಿಯುತ್ತದೆ. ಅನಂತ್ ನಾಗ್ ನಟಿಸಿದ ಮಿಠಾಯಿ ವ್ಯಾಪಾರಿಗೆ ಹೆತ್ತ ಮಗನೇ ಅರ್ಥವಾಗುವುದಿಲ್ಲ. ಇದನ್ನೆಲ್ಲ ಬಿಟ್ಟು ಕೇವಲ ಹೆಂಚಿನ ಮಾಡು ಮತ್ತು ಮಳೆಯನ್ನು ಉಳಿಸಿಕೊಂಡರೆ ಶಂಕರ್ ನಾಗ್ ಪಟ್ಟ ಶ್ರಮಕ್ಕೆ ಅವಮಾನ. 1990ರ ಸೆಪ್ಟೆಂಬರ್ 30ರಂದು ಆನಗೋಡಿನ ಬಳಿ ಅಪಘಾತದಲ್ಲಿ ಹೋದಾಗ ಅವರಿಗೆ ಇನ್ನೂ 35 ವರ್ಷ. ಅಷ್ಟು ಚಿಕ್ಕ ವಯಸ್ಸಿನಲ್ಲಿ, ಅಷ್ಟು ಅವಸರದ ಮನುಷ್ಯ, ಅಷ್ಟು ಸಮಾಧಾನದ ಕಂತುಗಳನ್ನು ಹೇಗೆ ಮಾಡಿದರು ಎಂದು ನೆನೆದಾಗಲೆಲ್ಲ ಗಂಟಲು ಕಟ್ಟುತ್ತದೆ.

ಗುಂಪಿನಲ್ಲಿ ಮುಗಿಯದೇ ಉಳಿದಿರುವ ಚರ್ಚೆ ಮಾಲ್ಗುಡಿಯ ಇನ್ನೊಂದು ಕಥೆಯ ಅಂಚೆಯಣ್ಣ ತಾನಪ್ಪನದು. ರಾಮಾನುಜಂ ಮಗಳ ಮದುವೆಗೆ ಹುಡುಗನನ್ನು ತೋರಿಸಿದವನೇ ತಾನಪ್ಪ. ಆ ಮುಹೂರ್ತ ತಪ್ಪಿದರೆ ಸಂಬಂಧವೇ ಕೈತಪ್ಪುವ ಸ್ಥಿತಿ. ಅಷ್ಟರಲ್ಲಿ ಹತ್ತಿರದ ಬಂಧುವಿನ ಕಾಯಿಲೆಯ ಕಾಗದ ಬರುತ್ತದೆ, ಮರುದಿನ ಸಾವಿನ ತಂತಿ. ಸೂತಕದ ಮನೆಯಲ್ಲಿ ಮದುವೆ ನಿಂತೀತು ಎಂದು ತಾನಪ್ಪ ಎರಡನ್ನೂ ತನ್ನಲ್ಲೇ ಇಟ್ಟುಕೊಂಡು ಮದುವೆಯಾದ ಮೇಲೆ ತಂದು ಕೊಡುತ್ತಾನೆ. ಬೇಕಿದ್ದರೆ ದೂರು ಕೊಡಿ, ಕೆಲಸ ಹೋಗಲಿ ಎನ್ನುತ್ತಾನೆ. ರಾಮಾನುಜಂ ದೂರು ಕೊಡುವುದಿಲ್ಲ. ನೀನು ಹೀಗೆ ಮಾಡಬಾರದಿತ್ತು ಎನ್ನುತ್ತಾನೆ, ಅಷ್ಟೇ. ನಾಗಪುರದಲ್ಲಿ ನೆಲೆಸಿರುವ ಕನ್ನಡತಿ ಅಕ್ಕನೊಬ್ಬರು ತಾನಪ್ಪನನ್ನು ಎಂದಿಗೂ ಕ್ಷಮಿಸುವುದಿಲ್ಲ. ಸಾವಿನ ಸುದ್ದಿ ಅವರವರ ಸ್ವತ್ತು, ಅದನ್ನು ತಡೆಯಲು ಬೇರೆಯವರು ಯಾರು ಎನ್ನುತ್ತಾರೆ. ಮೇಷ್ಟ್ರು ತಾನಪ್ಪನ ಕಡೆ. ನಾನೂ ಅವನ ಕಡೆಯೇ. ಸಾವಿನ ಸುದ್ದಿ ಇಂದು ಹೆಣ ಮನೆಗೆ ಬರುವ ಮುಂಚೆಯೇ ಫೋಟೊ ಸಮೇತ ನೂರು ಮೊಬೈಲಿಗೆ ತಲುಪುತ್ತದೆ. ಹೆತ್ತವರಿಗೆ ತಿಳಿಯುವ ಮೊದಲು ‘ಓಂ ಶಾಂತಿ’ ಸಾಲುಗಟ್ಟುತ್ತದೆ. ಯಾರಿಗೆ, ಯಾವಾಗ, ಹೇಗೆ ತಿಳಿಸಬೇಕು ಎಂದು ಚೀಲ ಹೆಗಲಿಗೇರಿಸಿ ಇಡೀ ದಾರಿ ಯೋಚಿಸುತ್ತಾ ನಡೆದ ಆ ಮನುಷ್ಯನ ಬಗ್ಗೆ ನನಗೆ ಗೌರವ ಕಡಿಮೆಯಾಗುವುದೇ ಇಲ್ಲ. ಅಕ್ಕ ಇದನ್ನು ಓದಿ ಮತ್ತೆ ಉದ್ದದ ಉತ್ತರ ಬರೆಯುತ್ತಾರೆ, ಬರೆಯಲಿ.

ನಮ್ಮ ಮಾತುಕತೆಗೆ ಅವಸರವಿಲ್ಲ. ಜುಲೈ ತಿಂಗಳಲ್ಲಿ ಮೇಗರವಳ್ಳಿ, ಆಗುಂಬೆ ಕಡೆ ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ಟವರ್ ಸತ್ತುಹೋಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಸುರಿಯುವ ಜಾಗ ಅದು. ಮಳೆ ಸ್ವಲ್ಪ ಹೊಳವಾದರೆ ಮನೆಯ ಹಿಂದಿನ ದರೆ ಹತ್ತಿ, ಒಂದು ಕೈಯಲ್ಲಿ ಕೊಡೆ ಹಿಡಿದು, ಎರಡು ಗೆರೆ ಸಿಗ್ನಲ್‌ಗೆ ಕಾಯಬೇಕು. ಸಿಕ್ಕ ಕೂಡಲೇ ಸಂದೇಶಗಳು ದಬದಬನೆ ಬಂದು ಬೀಳುತ್ತವೆ. ಯಾರೂ ‘ಯಾಕೆ ಉತ್ತರವಿಲ್ಲ?’ ಎಂದು ಕೇಳಿರುವುದಿಲ್ಲ. ‘ನಿಮ್ಮ ಕಡೆ ಮಳೆ ಜೋರಂತೆ, ನಿಧಾನವಾಗಿ ಬರೆಯಿರಿ’ ಎಂದು ಮೇಷ್ಟ್ರ ಧ್ವನಿ ಇರುತ್ತದೆ. ಅಡಿಕೆ ಮರವನ್ನು ಹತ್ತಿರದಿಂದ ನೋಡದ ನಾಗಪುರದ ಅಕ್ಕ ‘ಕೊಳೆರೋಗಕ್ಕೆ ಎರಡನೆಯ ಔಷಧಿ ಹೊಡೆದಾಯಿತೇ?’ ಎಂದು ಕೇಳಿರುತ್ತಾರೆ. ಇದು ಸ್ನೇಹವಲ್ಲ ಎನ್ನುವವರು ಯಾವುದನ್ನು ಸ್ನೇಹ ಎನ್ನುತ್ತಾರೋ ನನಗೆ ತಿಳಿಯದು.

ಈ ಮಳೆಗಾಲ ಕಳೆದ ಮೇಲೆ ಗುಂಪಿನವರು ಶಿವಮೊಗ್ಗಕ್ಕೆ ಬರುವ ಮಾತಿದೆ. ಅಲ್ಲಿಂದ ತಾಳಗುಪ್ಪದ ರೈಲಿನಲ್ಲಿ ಅರಸಾಳಿಗೆ. ಅಲ್ಲಿನ ಹಳೆಯ ನಿಲ್ದಾಣದ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಅದನ್ನು ರೂಪಿಸುವಲ್ಲಿ ಜಾನ್ ದೇವರಾಜ್ ಅವರ ಕೈ ಇದೆ. ಮೇಷ್ಟ್ರು ಬರುತ್ತಾರೆ, ಅವರ ಮೊಮ್ಮಗ ಕರೆತರುತ್ತಾನೆ.

ಇಷ್ಟುದ್ದ ಬರೆದದ್ದು ಆಗುಂಬೆ, ಅರಸಾಳು, ರಿಪ್ಪನ್‌ಪೇಟೆ ಕಡೆಯ ಹಿರಿಯರಲ್ಲಿ ಒಂದು ಕೋರಿಕೆಗಾಗಿ. ಚಿತ್ರೀಕರಣದ ದಿನಗಳಲ್ಲಿ ತೆಗೆದ ಫೋಟೊ ನಿಮ್ಮ ಮನೆಯ ಟ್ರಂಕಿನಲ್ಲೋ ಹಳೆಯ ಆಲ್ಬಮ್ಮಿನಲ್ಲೋ ಇದ್ದರೆ ದಯವಿಟ್ಟು ನಮಗೆ ತಿಳಿಸಿ. ನಟರ ಫೋಟೊ ಆಗಲೇಬೇಕೆಂದಿಲ್ಲ. ಸಂತೆಯ ದೃಶ್ಯದಲ್ಲಿ ನಿಂತ ನಿಮ್ಮ ಅಮ್ಮ, ಗಾಡಿ ಹೊಡೆದ ನಿಮ್ಮ ದೊಡ್ಡಪ್ಪ, ಶಾಲೆಯ ಬೆಂಚಿನಲ್ಲಿ ಕುಳಿತಿದ್ದ ಹುಡುಗರು, ಇವರ ಹೆಸರು ಯಾವ ಕಂತಿನ ಕೊನೆಯಲ್ಲೂ ಬರುವುದಿಲ್ಲ. ಫೋಟೊದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ಊರು ಬರೆದಿಡಿ. ಪೆನ್ನು ಬೇಡ, ಶಾಯಿ ಈ ಕಡೆಗೆ ಇಳಿಯುತ್ತದೆ. ಹೆಸರು ಗೊತ್ತಿರುವವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.